ಮಾಯುವ ಹುಣ್ಣು, ಮಾಯದ ಸೋಂಕು

ಕನ್ನಡ ನಾಡಿನಲ್ಲಿ 'ಸರ್ಪಸುತ್ತು' ಎಂಬ ಹೆಸರನ್ನು ಕೇಳದವರು ವಿರಳ. ದೇಹದ ಒಂದು ಪಾರ್ಶ್ವದಲ್ಲಿ ಪಟ್ಟಿಯಂತೆ ಏಳುವ ಉರಿಗುಳ್ಳೆಗಳಿಗೆ ನಮ್ಮ ಹಿರಿಯರಿಟ್ಟ ಹೆಸರದು. ವೈದ್ಯರು ಅದನ್ನೇ 'ಹರ್ಪಿಸ್ ಜೋಸ್ಟರ್' ಎನ್ನುತ್ತಾರೆ. ಹರ್ಪಿಸ್ ಎಂಬುದು ತೆವಳುವುದೆಂಬ ಅರ್ಥದ ಗ್ರೀಕ್ ಧಾತುವಿನಿಂದ ಬಂದ ಶಬ್ದ. ನಮ್ಮ 'ಸರ್ಪ'ವೂ ಅದರ ಜ್ಞಾತಿಯೇ. ಜೋಸ್ಟರ್ ಎಂದರೆ ನಡುಪಟ್ಟಿ.

ಆದರೆ ಇದೇ ಹೆಸರಿನ ಇನ್ನೊಂದು ರೋಗವಿದೆ. ಅದು ಜನನಾಂಗದ ಹರ್ಪಿಸ್. ಸರ್ಪಸುತ್ತು ಸೀತಾಳೆ ಸಿಡುಬಿನ ವೈರಸ್ಸಿನಿಂದ ಬರುವುದು. ಇದಕ್ಕೆ ಕಾರಣವಾದ 'ಹರ್ಪಿಸ್ ಸಿಂಪ್ಲೆಕ್ಸ್' ಅದೇ ವಂಶದ ಬೇರೊಂದು ವೈರಸ್ಸು. ಲೈಂಗಿಕ ಸಂಪರ್ಕದಿಂದ ಇದು ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ೨೦೨೦ರಲ್ಲಿ ಜಗತ್ತಿನ ೧೫ರಿಂದ ೪೯ ವರ್ಷದವರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಮಂದಿಗೆ ಈ ಸೋಂಕಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಆದುದರಿಂದ ತರುಣ ವಾಚಕರು ಇದನ್ನು ಸಂಕೋಚವಿಲ್ಲದೆ ಅರಿತಿರುವುದು ಲೇಸು.

ರೋಗದ ಲಕ್ಷಣಗಳಾವುವು? ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ ೨ರಿಂದ ೧೨ ದಿನಗಳೊಳಗೆ ಜನನಾಂಗ, ಗುದ, ಪೃಷ್ಠ ಅಥವಾ ತೊಡೆಯ ಭಾಗದಲ್ಲಿ ಜುಮ್ಮೆನಿಸುವಿಕೆ, ತುರಿಕೆ, ಉರಿ ತೋರುತ್ತವೆ. ಬಳಿಕ ನೀರು ತುಂಬಿದ ಸಣ್ಣ ಗುಳ್ಳೆಗಳು ಗುಂಪಾಗಿ ಏಳುತ್ತವೆ. ಅವು ಒಡೆದು ನೋಯುವ ಹುಣ್ಣುಗಳಾಗಿ, ಹೆಕ್ಕಳೆ ಕಟ್ಟಿ, ಕಲೆಯುಳಿಯದಂತೆ ಮಾಯುತ್ತವೆ. ಮೊದಲ ಸಲ ಜ್ವರ, ತಲೆನೋವು, ತೊಡೆಸಂದಿನ ಗಂಟುಗಳ ಬಾವು, ಮೂತ್ರ ಮಾಡುವಾಗ ಉರಿ ಇವೂ ಜೊತೆಗೂಡಬಹುದು. ಎರಡರಿಂದ ನಾಲ್ಕು ವಾರಗಳಲ್ಲಿ ಎಲ್ಲವೂ ಶಮನವಾಗುತ್ತದೆ. ಅನೇಕರಲ್ಲಿಯಾದರೋ ಲಕ್ಷಣಗಳು ತೋರುವುದೇ ಇಲ್ಲ.

ಮೋಸ ಇರುವುದು ಈ ಶಮನದಲ್ಲಿಯೇ. ನಮ್ಮಲ್ಲಿ ಇಂಥ ಗುಳ್ಳೆ ಎದ್ದರೆ 'ಉಷ್ಣವಾಗಿದೆ' ಎಂದು ಎಳನೀರು ಕುಡಿಯುವವರುಂಟು. ಸರ್ಪಸುತ್ತೆಂದು ಕೆಮ್ಮಣ್ಣು ಹಚ್ಚುವವರುಂಟು. ಹುಣ್ಣು ತಾನಾಗಿಯೇ ಮಾಯುತ್ತದೆ; ಕೀರ್ತಿ ಎಳನೀರಿಗೂ ಕೆಮ್ಮಣ್ಣಿಗೂ ಸಲ್ಲುತ್ತದೆ. ವೈರಸ್ಸಾದರೋ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ಕುಳಿತಿರುತ್ತದೆ. ಮುಂದೆಂದೋ ಅದು ನರದ ದಾರಿಯಲ್ಲೇ ಇಳಿದುಬಂದು, ಬಹುಮಟ್ಟಿಗೆ ಹಿಂದಿನ ಜಾಗದ ಆಸುಪಾಸಿನಲ್ಲಿಯೇ ಮತ್ತೆ ಗುಳ್ಳೆ ಎಬ್ಬಿಸುತ್ತದೆ. ಹೀಗೆ ಮರುಕಳಿಸುವುದೇ ಇದರ ಮುಖ್ಯ ಗುರುತು. ಸರ್ಪಸುತ್ತು ಮರುಕಳಿಸುವುದು ಅಪರೂಪ.

ಇನ್ನೊಂದು ಭೇದವನ್ನೂ ಅರಿಯಬೇಕು. ಸಿಫಿಲಿಸ್ ರೋಗದ ಮೊದಲ ಹುಣ್ಣು ಸಾಮಾನ್ಯವಾಗಿ ಒಂದೇ ಇದ್ದು, ಗಟ್ಟಿಯಾಗಿ, ನೋವಿಲ್ಲದೆ ಇರುತ್ತದೆ. ಅದಕ್ಕೆ ಪೆನಿಸಿಲಿನ್ ಮದ್ದು. ಹರ್ಪಿಸ್‌ಗೆ ಅದು ನಿರುಪಯೋಗಿ. ಕಣ್ಣಂದಾಜಿನಿಂದ ಮಾತ್ರ ಇವನ್ನು ಬೇರ್ಪಡಿಸಲು ವೈದ್ಯರಿಗೂ ಕೆಲವೊಮ್ಮೆ ಸಾಧ್ಯವಾಗದು. ಗುಳ್ಳೆ ಹೊಸದಾಗಿರುವಾಗ ಅದರ ದ್ರವವನ್ನು ಪರೀಕ್ಷಿಸಿದರೆ ವೈರಸ್ಸು ಸುಲಭವಾಗಿ ಸಿಕ್ಕುತ್ತದೆ. ಹೆಕ್ಕಳೆ ಕಟ್ಟಿದ ಮೇಲೆ ಅದು ಕಷ್ಟ.

ಚಿಕಿತ್ಸೆಯೂ ಮೊದಲ ದಿನಗಳಲ್ಲೇ ಹೆಚ್ಚು ಫಲಕಾರಿ. ೧೯೮೮ರ ನೊಬೆಲ್ ಬಹುಮಾನ ಪಡೆದವರಲ್ಲೊಬ್ಬರಾದ ಗೆರ್ಟ್ರೂಡ್ ಎಲಿಯನ್ ಅವರ ತಂಡದ ಸಂಶೋಧನೆಯ ಫಲವಾದ ಎಸೈಕ್ಲೋವಿರ್ ಗುಳಿಗೆ ನೋವನ್ನೂ ಅವಧಿಯನ್ನೂ ತಗ್ಗಿಸುತ್ತದೆ; ಬೇರುಸಹಿತ ಕೀಳಲಾರದು. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ವಾಸಿಸುವ ಕಾರ್ಮಿಕ ವಿಮಾದಾರರ ಕುಟುಂಬಗಳಿಗೆ ರಾಜಾಜಿನಗರದ ಇ.ಎಸ್.ಐ. ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗ ಸಮೀಪದಲ್ಲಿಯೇ ಇದೆ. ಸರ್ಕಾರಿ ಆಸ್ಪತ್ರೆಗಳ 'ಸುರಕ್ಷಾ' ಚಿಕಿತ್ಸಾಲಯಗಳಲ್ಲಿ ಇಂಥ ರೋಗಗಳಿಗೆ ಉಚಿತವಾಗಿ, ಗೋಪ್ಯವಾಗಿ ಸಲಹೆ ಮತ್ತು ಔಷಧ ದೊರೆಯುತ್ತವೆ.

ಗುಳ್ಳೆಯಿಲ್ಲದ ದಿನಗಳಲ್ಲಿಯೂ ಸೋಂಕು ದಾಟಬಲ್ಲುದು. ನಿರೋಧ್ ಬಳಕೆಯಿಂದ ಅಪಾಯ ತಗ್ಗುವುದೇ ಹೊರತು ಪೂರ್ಣ ನೀಗದು. ಇದರ ಹುಣ್ಣುಳ್ಳವರಿಗೆ ಎಚ್.ಐ.ವಿ. ತಗಲುವ ಸಂಭವವೂ ಹೆಚ್ಚು. ಬಸುರಿನ ಕೊನೆಯ ತಿಂಗಳುಗಳಲ್ಲಿ ತಾಯಿಗೆ ಮೊದಲ ಬಾರಿ ಸೋಂಕಾದರೆ, ಹೆರಿಗೆಯಲ್ಲಿ ಅದು ಶಿಶುವಿಗೆ ದಾಟಿ ಪ್ರಾಣಾಪಾಯವನ್ನೇ ತರಬಹುದು. ವೈದ್ಯರಿಗೆ ಮೊದಲೇ ತಿಳಿದಿದ್ದರೆ ಮಗುವನ್ನು ಕಾಪಾಡುವ ಉಪಾಯಗಳಿವೆ. ನಾಚಿಕೆಯಿಂದ ಮುಚ್ಚಿಟ್ಟ ಗುಳ್ಳೆ ಎರಡು ವಾರದಲ್ಲಿ ಮಾಯವಾದೀತು. ವೈದ್ಯರಿಗೆ ಅದನ್ನು ತೋರಿಸಬಹುದಾದ ಅವಕಾಶವೂ ಅದರೊಡನೆಯೇ ಹೋದೀತು.