ಇಲಿ, ಪಂಜರ ಮತ್ತು ಅಮಲು

ಮಾದಕ ವಸ್ತುಗಳ ಬಗ್ಗೆ ವಿಜ್ಞಾನಕ್ಕೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲನ್ನು ಕಲಿಸಿಕೊಟ್ಟದ್ದು ಪ್ರಯೋಗಾಲಯದ ಇಲಿ. ಅದಕ್ಕೆ ನೆರವಾದ ಯಂತ್ರವೂ ಸರಳವಾದದ್ದೇ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ 1930ರ ದಶಕದಲ್ಲಿ ರೂಪಿಸಿದ ಪೆಟ್ಟಿಗೆಯಲ್ಲಿ ಇಲಿಯ ಕಾಲಿಗೆ ಎಟಕುವಂತೆ ಒಂದು ಲಿವರ್ ಇರುತ್ತದೆ. ಅದನ್ನು ಒತ್ತಿದರೆ ತಿನಿಸು ಬೀಳುತ್ತದೆ. 1962ರಲ್ಲಿ ಜೇಮ್ಸ್ ವೀಕ್ಸ್ ಎಂಬ ಸಂಶೋಧಕರು ತಿನಿಸಿನ ಜಾಗಕ್ಕೆ ಮಾರ್ಫೀನ್ ತಂದರು. ಇಲಿಯ ರಕ್ತನಾಳಕ್ಕೆ ಸಪೂರ ನಳಿಕೆ ಸೇರಿಸಿ, ಅದರ ಇನ್ನೊಂದು ತುದಿಯನ್ನು ಪಂಪಿಗೆ ಜೋಡಿಸಿದರು. ಇಲಿ ಪಂಜರದಲ್ಲಿ ಆರಾಮಾಗಿ ಓಡಾಡಬಹುದು, ಲಿವರ್ ಒತ್ತಿದಾಗಲೆಲ್ಲ ಒಂದಿಷ್ಟು ಮದ್ದು ನೇರವಾಗಿ ರಕ್ತಕ್ಕೆ ಸೇರುತ್ತದೆ. ಒತ್ತು ಎಂದು ಅದನ್ನು ಯಾರೂ ಬಲವಂತ ಮಾಡುವುದಿಲ್ಲ. ಹೀಗಾಗಿ ಒಂದು ಪ್ರಾಣಿಗೆ ಯಾವ ಮದ್ದು ಎಷ್ಟು ಬೇಕೆನಿಸುತ್ತದೆ ಎಂಬುದನ್ನು ಎಣಿಸಿ ತೋರಿಸಲು ಸಾಧ್ಯವಾಯಿತು. 1985ರಲ್ಲಿ ಬೊಜಾರ್ತ್ ಮತ್ತು ವೈಸ್ ಎಂಬ ಸಂಶೋಧಕರು ಇಂಥದೇ ಪಂಜರದಲ್ಲಿ ಇಲಿಗಳಿಗೆ ಹಗಲು ರಾತ್ರಿ ಲಿವರ್ ಒತ್ತುವ ಅವಕಾಶ ಕೊಟ್ಟರು. 30 ದಿನಗಳಲ್ಲಿ ಕೊಕೇನ್ ಸಿಕ್ಕ ಇಲಿಗಳಲ್ಲಿ ಶೇ 90ರಷ್ಟು, ಹೆರಾಯಿನ್ ಸಿಕ್ಕವುಗಳಲ್ಲಿ ಶೇ 36ರಷ್ಟು ಸತ್ತುಹೋದವು.

ಇಂಥ ಪ್ರಯೋಗಗಳಿಂದ ಜನಸಾಮಾನ್ಯರು ತೆಗೆದ ತಾತ್ಪರ್ಯ ಒಂದೇ: ಒಮ್ಮೆ ರುಚಿ ಹತ್ತಿದರೆ ಸಾಯುವವರೆಗೂ ಬಿಡದು. ಆದರೆ ಇಲಿ ಹೇಳಿದ್ದು ಇಷ್ಟೇ ಅಲ್ಲ. ಇದೇ ಬಗೆಯ ಪಂಜರಗಳಲ್ಲಿ ನಡೆದ ಉಳಿದ ಪ್ರಯೋಗಗಳನ್ನೂ ಸೇರಿಸಿ ನೋಡಿದರೆ ಬೇರೊಂದು ಸತ್ಯ ಕಾಣುತ್ತದೆ. ಅಪಾಯವು ವಸ್ತುವಿನ ರಾಸಾಯನಿಕ ಗುಣದಲ್ಲಿ ಇರುವಂತೆಯೇ ಅದನ್ನು ಸೇವಿಸುವ ಜಾಗದಲ್ಲಿ, ನಡುವೆ ಬಿಟ್ಟ ಅವಧಿಯಲ್ಲಿ, ಆ ಜೀವಿಯ ಮುಂದಿರುವ ಬೇರೆ ದಾರಿಗಳಲ್ಲಿಯೂ ಇದೆ. ಈ ಮಾತನ್ನು ಮರೆತದ್ದರಿಂದಲೇ ನಮ್ಮ ಎಚ್ಚರಿಕೆಯ ಮಾತುಗಳೂ ಚಿಕಿತ್ಸೆಯೂ ಅನೇಕ ಸಲ ಗುರಿ ತಪ್ಪುತ್ತಿವೆ.

ಮೊದಲು ರಾಸಾಯನಿಕ ಗುಣವನ್ನೇ ನೋಡೋಣ. 1954ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಯ ಮಿದುಳಿನೊಳಗೆ ಸಣ್ಣ ತಂತಿ ಇಟ್ಟು, ಲಿವರ್ ಒತ್ತಿದಾಗ ಅಲ್ಲಿಗೆ ಲಘುವಾದ ವಿದ್ಯುತ್ ಹರಿಯುವಂತೆ ಮಾಡಿದರು. ಮಿದುಳಿನ ಕೆಲವು ಭಾಗಗಳಿಗೆ ವಿದ್ಯುತ್ ತಾಕಿದಾಗ ಇಲಿಗಳು ಮತ್ತೆ ಮತ್ತೆ ಲಿವರ್ ಒತ್ತಿದವು. ಆಹಾರ, ನೀರು, ಸಂಗಾತಿ ಸಿಕ್ಕಾಗ 'ಇದು ಮುಖ್ಯ, ನೆನಪಿಟ್ಟುಕೋ, ಮತ್ತೆ ಹುಡುಕು' ಎಂದು ಜೀವಿಗೆ ಕಲಿಸುವ ವ್ಯವಸ್ಥೆಯೊಂದು ಮಿದುಳಿನಲ್ಲಿದೆ, ಅದರ ಮುಖ್ಯ ಸಂದೇಶವಾಹಕ ಡೋಪಮಿನ್ ಎಂಬುದು ಮುಂದಿನ ವರ್ಷಗಳಲ್ಲಿ ಸ್ಪಷ್ಟವಾಯಿತು. ಚಟ ಹಿಡಿಸುವ ವಸ್ತುಗಳೆಲ್ಲ ಒಂದಲ್ಲ ಒಂದು ದಾರಿಯಿಂದ ಈ ವ್ಯವಸ್ಥೆಯನ್ನು ತಟ್ಟುತ್ತವೆ. ಬಿಡುಗಡೆಯಾದ ಡೋಪಮಿನ್ ನರಕೋಶಕ್ಕೆ ಹಿಂದಿರುಗದಂತೆ ಕೊಕೇನ್ ತಡೆಯುತ್ತದೆ. ಮೆಥಾಂಫೆಟಮಿನ್ ಕೋಶದೊಳಗಿನ ದಾಸ್ತಾನನ್ನೇ ಹೊರದೂಡುತ್ತದೆ. ಹೆರಾಯಿನ್, ಮಾರ್ಫೀನ್, ಟ್ರಮಡಾಲ್‌ನಂಥ ಅಫೀಮಿನ ಬಳಗದವು ಡೋಪಮಿನ್ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ಕೋಶಗಳನ್ನು ಸುಮ್ಮನಾಗಿಸುತ್ತವೆ. ನಿಕೋಟಿನ್ ಡೋಪಮಿನ್ ಕೋಶಗಳನ್ನೇ ನೇರವಾಗಿ ಕೆರಳಿಸುತ್ತದೆ. ಬದುಕಿ ಉಳಿಯಲೆಂದು ರೂಪುಗೊಂಡ ಕಲಿಕೆಯ ಈ ವ್ಯವಸ್ಥೆ ಹೀಗೆ ಮದ್ದನ್ನೇ ಅನ್ನ ನೀರಿನಷ್ಟು ಮುಖ್ಯವೆಂದು ಕಲಿತುಬಿಡುತ್ತದೆ. ಚಟ ಹತ್ತಿದವರಿಗೆ ಸೇವನೆಯಲ್ಲಿ ಸುಖ ಉಳಿಯದಿದ್ದರೂ ಬೇಕೆಂಬ ತುಡಿತ ಉಳಿಯುವುದು ಇದೇ ಕಾರಣಕ್ಕೆ.

ಚಟದ ದಾರಿ ಎಲ್ಲೋ ಒಂದು ಕಡೆ ಕೂಡಿದರೂ ಸಾವಿನ ದಾರಿಗಳು ಬೇರೆ ಬೇರೆ. ಅಫೀಮಿನ ಬಳಗದವು ಉಸಿರಾಟವನ್ನು ನಡೆಸುವ ಮಿದುಳುಕಾಂಡದ ಕೋಶಗಳನ್ನು ಮಂಕಾಗಿಸುತ್ತವೆ. ಹೆಚ್ಚು ಸೇವಿಸಿದವರು ನಿದ್ದೆಯಲ್ಲಿದ್ದಂತೆ ಕಾಣುತ್ತಲೇ ಉಸಿರು ನಿಂತು ಸಾಯುತ್ತಾರೆ. ಕೊಕೇನ್ ಹೃದಯದ ರಕ್ತನಾಳಗಳನ್ನು ಬಿಗಿದು ಎಳೆಯ ವಯಸ್ಸಿನಲ್ಲೇ ಹೃದಯಾಘಾತ ತರಬಲ್ಲದು. ಮೆಥಾಂಫೆಟಮಿನ್ ದೇಹದ ಬಿಸಿಯನ್ನು ಅಪಾಯದ ಮಟ್ಟಕ್ಕೆ ಏರಿಸುತ್ತದೆ, ಸಂಶಯ ಮತ್ತು ಭ್ರಮೆ ಹುಟ್ಟಿಸುತ್ತದೆ. ಗಾಂಜಾ ಉಸಿರು ನಿಲ್ಲಿಸುವುದಿಲ್ಲ, ಆದರೆ ಹದಿಹರೆಯದಲ್ಲಿ ದಿನವೂ ಸೇದುವವರಲ್ಲಿ ಚಿತ್ತವಿಕಲತೆಯ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಮದ್ಯ ಮತ್ತು ನಿದ್ರೆ ಮಾತ್ರೆ ಎರಡೂ ಮಿದುಳನ್ನು ಮಂಕಾಗಿಸುವವೇ ಆದ್ದರಿಂದ ಬೆರೆತಾಗ ಉಸಿರಿಗೆ ಕುತ್ತು ತರುತ್ತವೆ. ಬಹುಕಾಲ ಸೇವಿಸಿದವರು ಇವನ್ನು ಒಮ್ಮೆಲೇ ನಿಲ್ಲಿಸಿದರೂ ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗಬಹುದು. ಹೀಗಾಗಿ ಇವನ್ನು ಬಿಡಿಸುವಾಗ ವೈದ್ಯರ ಕಣ್ಗಾವಲು ಬೇಕು. ಥಿನ್ನರ್, ಪಂಕ್ಚರ್ ಸೊಲ್ಯೂಷನ್‌ಗಳನ್ನು ಮೂಸುವ ಮಗುವಿನ ಹೃದಯ ಅಡ್ರಿನಲಿನ್‌ಗೆ ಅತಿಯಾಗಿ ಸ್ಪಂದಿಸತೊಡಗಿ, ಗಾಬರಿಯಿಂದ ಓಡಿದಷ್ಟಕ್ಕೇ ನಿಂತುಹೋಗಬಹುದು, ಅದೂ ಮೊದಲ ಸಲವೇ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಮೂಸುವ ಈ ವಸ್ತುಗಳ ಬಳಕೆ ವಯಸ್ಕರಿಗಿಂತ ಮಕ್ಕಳಲ್ಲೇ ಹೆಚ್ಚು. 'ಡ್ರಗ್ಸ್ ಕೆಟ್ಟದ್ದು' ಎಂಬ ಒಂದೇ ವಾಕ್ಯದ ಉಪದೇಶದಲ್ಲಿ ಜೀವ ಉಳಿಸುವ ಈ ವ್ಯತ್ಯಾಸಗಳೆಲ್ಲ ಅಳಿಸಿಹೋಗುತ್ತವೆ.

ಇನ್ನು ಜಾಗದ ಮಾತು. ಒಂದೇ ಮದ್ದನ್ನು ಮತ್ತೆ ಮತ್ತೆ ತೆಗೆದುಕೊಂಡಾಗ ದೇಹ ಒಗ್ಗಿಕೊಳ್ಳುತ್ತದೆ, ಅದೇ ಪರಿಣಾಮಕ್ಕೆ ಹೆಚ್ಚು ಪ್ರಮಾಣ ಬೇಕಾಗುತ್ತದೆ ಎಂಬುದು ಗೊತ್ತಿರುವ ಸಂಗತಿ. ಆದರೆ ಈ ಒಗ್ಗಿಕೆ ಬರಿಯ ದೇಹದ್ದಲ್ಲ, ಕಲಿಕೆಯದ್ದೂ ಹೌದು ಎಂದು ತೋರಿಸಿದವರು ಮನಶ್ಶಾಸ್ತ್ರಜ್ಞ ಶೆಪರ್ಡ್ ಸೀಗಲ್. 1982ರಲ್ಲಿ ಅವರು ಮತ್ತು ಸಂಗಡಿಗರು ಇಲಿಗಳಿಗೆ ಹಲವು ದಿನ ಹೆರಾಯಿನ್ ಕೊಟ್ಟು ಒಗ್ಗಿಸಿದರು. ಕೊನೆಗೊಂದು ದಿನ ಎಲ್ಲಕ್ಕೂ ಒಂದೇ ದೊಡ್ಡ ಪ್ರಮಾಣ ಕೊಟ್ಟರು. ಹೆರಾಯಿನ್ ಕಂಡೇ ಇರದ ಇಲಿಗಳಲ್ಲಿ ಶೇ 96ರಷ್ಟು ಸತ್ತವು. ಒಗ್ಗಿದ್ದ ಇಲಿಗಳಿಗೆ ಎಂದಿನ ಜಾಗದಲ್ಲೇ ಕೊಟ್ಟಾಗ ಸತ್ತದ್ದು ಶೇ 32. ಅಷ್ಟೇ ಒಗ್ಗಿದ್ದ ಇಲಿಗಳಿಗೆ ಬೇರೆ ಜಾಗದಲ್ಲಿ ಕೊಟ್ಟಾಗ ಸಾವು ಶೇ 64ಕ್ಕೆ ಏರಿತು. ಎಂದಿನ ಕೋಣೆ, ಎಂದಿನ ವಾಸನೆ ಕಂಡಾಗ ಮದ್ದು ಬರಲಿದೆ ಎಂದು ದೇಹ ಮೊದಲೇ ಎದುರಿಸಲು ಅಣಿಯಾಗುತ್ತದೆ. ಜಾಗ ಬದಲಾದರೆ ಆ ಸಿದ್ಧತೆ ಇರುವುದಿಲ್ಲ. ನಿನ್ನೆ ತಡೆದುಕೊಂಡ ಪ್ರಮಾಣವೇ ಇಂದು ಇನ್ನೊಂದು ಕೋಣೆಯಲ್ಲಿ ಕೊಲ್ಲಬಲ್ಲದು. ಕೆಲವು ವಾರ ಬಿಟ್ಟು ಮತ್ತೆ ಶುರುಮಾಡುವವರ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಒಗ್ಗಿಕೆ ಇಳಿದಿರುತ್ತದೆ, ಹಳೆಯ ಪ್ರಮಾಣದ ನೆನಪು ಮಾತ್ರ ಉಳಿದಿರುತ್ತದೆ. ಹೆರಾಯಿನ್ ವ್ಯಸನಿಗಳಿಗೆ ಜೈಲಿನಿಂದ ಹೊರಬಂದ ಮೊದಲ ವಾರಗಳು ಅತ್ಯಂತ ಅಪಾಯದವು ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ.

ಮೂರನೆಯದು ಬೇರೆ ದಾರಿಗಳ ಪ್ರಶ್ನೆ. ಕೆನಡಾದ ಮನಶ್ಶಾಸ್ತ್ರಜ್ಞ ಬ್ರೂಸ್ ಅಲೆಕ್ಸಾಂಡರ್ 1970ರ ದಶಕದ ಕೊನೆಯಲ್ಲಿ ಒಂಟಿ ಪಂಜರದ ಬದಲು ಇಲಿಗಳಿಗೆ ವಿಶಾಲವಾದ ತಾಣ, ಆಟದ ವಸ್ತು, ಜೊತೆಗಾರರನ್ನು ಒದಗಿಸಿದರು. ಅಲ್ಲಿಯ ಇಲಿಗಳು ಒಂಟಿ ಇಲಿಗಳಿಗಿಂತ ತೀರಾ ಕಡಿಮೆ ಮಾರ್ಫೀನ್ ನೀರು ಕುಡಿದವು. ಈ ಪ್ರಯೋಗವನ್ನು ಪುನರಾವರ್ತಿಸಿದವರಿಗೆಲ್ಲ ಅದೇ ಫಲಿತಾಂಶ ಸಿಗಲಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅದೊಂದರ ಮೇಲೆ ಸಿದ್ಧಾಂತ ಕಟ್ಟಬಾರದು. ಆದರೆ ಆಧಾರ ಅದೊಂದೇ ಅಲ್ಲ. 2007ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಸರ್ಜ್ ಅಹ್ಮದ್ ತಂಡ ಕೊಕೇನ್ ಮತ್ತು ಸಿಹಿ ನೀರಿನ ನಡುವೆ ಆಯ್ಕೆ ಕೊಟ್ಟಾಗ ಬಹುಪಾಲು ಇಲಿಗಳು ಸಿಹಿ ನೀರನ್ನೇ ಆರಿಸಿದವು. 2018ರಲ್ಲಿ ಅಮೆರಿಕದ ಮಾರ್ಕೊ ವೆನಿರೊ ಮತ್ತು ಸಂಗಡಿಗರು ಒಂದು ಲಿವರಿಗೆ ಮಾದಕ ವಸ್ತು, ಇನ್ನೊಂದಕ್ಕೆ ಜೊತೆಗಾರ ಇಲಿಯ ಒಡನಾಟ ಸಿಗುವಂತೆ ಮಾಡಿದರು. ಚಟ ಹತ್ತಿದ್ದ ಇಲಿಗಳೂ ಒಡನಾಟವನ್ನೇ ಆರಿಸಿಕೊಂಡವು. 1985ರ ಪಂಜರದಲ್ಲಿ ಇಂಥ ಎರಡನೆಯ ಲಿವರ್ ಇರಲಿಲ್ಲ.

ಇಲಿ ಇಲಿಯೇ, ಮನುಷ್ಯನ ಬದುಕು ಪಂಜರವಲ್ಲ ಎನ್ನಬಹುದು. ನಿಜ. ಹಾಗಾಗಿ ಮನುಷ್ಯರ ಸಾಕ್ಷ್ಯವೂ ಬೇಕು. ವಿಯೆಟ್ನಾಂ ಯುದ್ಧದಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬರು ಅಲ್ಲಿ ಹೆರಾಯಿನ್‌ನಂಥವುಗಳಿಗೆ ಅಂಟಿಕೊಂಡಿದ್ದರು. ಸಂಶೋಧಕಿ ಲೀ ರಾಬಿನ್ಸ್ ಈ ಸೈನಿಕರನ್ನು ಹಿಂಬಾಲಿಸಿ ಅಧ್ಯಯನ ಮಾಡಿದಾಗ, ಊರಿಗೆ ಮರಳಿದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 5ರಷ್ಟು ಮಾತ್ರ ಎಂದು ಕಂಡುಬಂತು. ಮದ್ದಿನ ಜೊತೆ ಬೆಸೆದಿದ್ದ ಜಾಗ, ಭಯ, ಬೇಸರ, ಸುಲಭವಾಗಿ ಸಿಗುವ ಹೆರಾಯಿನ್ ಎಲ್ಲವೂ ಸಾಗರದಾಚೆ ಉಳಿದಿದ್ದವು. ಊರಿನಲ್ಲಿ ಮನೆ, ಕೆಲಸ ಇದ್ದವು, ನೆಂಟರಿದ್ದರು.

ಹೀಗೆಲ್ಲ ಬರೆದರೆ ಎಳೆಯರಿಗೆ ಭಯ ಹೋಗಿಬಿಡುವುದಿಲ್ಲವೇ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಉದಾಹರಣೆಗೆ, 2004ರ ಫ್ರೆಂಚ್ ಅಧ್ಯಯನವೊಂದರಲ್ಲಿ ತಿಂಗಳುಗಟ್ಟಲೆ ಕೊಕೇನ್ ಸೇವಿಸಿದ ಇಲಿಗಳಲ್ಲಿ ಶೇ 17ರಷ್ಟು ಮಾತ್ರ ಪೂರ್ಣ ವ್ಯಸನದ ಲಕ್ಷಣ ತೋರಿದವು. ಇದನ್ನು ಕೇಳಿ ಧೈರ್ಯ ತಂದುಕೊಳ್ಳುವುದು ಎರಡು ಕಾರಣಕ್ಕೆ ತಪ್ಪು. ಆ ಹದಿನೇಳರಲ್ಲಿ ನಾನಿದ್ದೇನೋ ಇಲ್ಲವೋ ಎಂದು ಯಾರಿಗೂ ಮೊದಲೇ ತಿಳಿಯಲಾಗದು. ಜೊತೆಗೆ, ಉಸಿರು ನಿಲ್ಲಲು, ಹೃದಯ ತಪ್ಪಿ ಬಡಿಯಲು ಚಟವೇ ಬೇಕಿಲ್ಲ, ಒಂದು ರಾತ್ರಿ ಸಾಕು. ಉತ್ಪ್ರೇಕ್ಷೆಯ ಭಯದ ಆಯುಸ್ಸು ಕಡಿಮೆ. ಒಮ್ಮೆ ಸೇದಿಯೂ ಏನೂ ಆಗದ ಗೆಳೆಯನನ್ನು ಕಂಡ ಹುಡುಗ ಹಿರಿಯರ ಉಳಿದ ಮಾತುಗಳನ್ನೂ ನಂಬುವುದಿಲ್ಲ. ನಿಖರವಾದ ಮಾಹಿತಿಯೇ ಹೆಚ್ಚು ಕಾಲ ನಿಲ್ಲುವ ಎಚ್ಚರಿಕೆ.

ಇಷ್ಟನ್ನು ಒಪ್ಪಿದರೆ ನಮ್ಮ ನಡೆ ಬದಲಾಗಬೇಕು. ವ್ಯಸನಿಯನ್ನು ಕೆಲವು ತಿಂಗಳು ಕೂಡಿಹಾಕಿ, ಒಗ್ಗಿಕೆ ಇಳಿಸಿ, ಯಾವ ತಯಾರಿಯೂ ಇಲ್ಲದೆ ಅದೇ ಬೀದಿಗೆ, ಅದೇ ಒಂಟಿತನಕ್ಕೆ ಮರಳಿಸುವುದು ಚಿಕಿತ್ಸೆಯಲ್ಲ. ಅದು ಪ್ರಯೋಗಗಳು ತೋರಿಸಿದ ಹಲವು ಅಪಾಯಗಳನ್ನು ಒಂದೇ ದಿನಕ್ಕೆ ಕಲೆಹಾಕಿದಂತೆ. ಮರಳುವವರಿಗೆ ಹಳೆಯ ಪ್ರಮಾಣ ಈಗ ಕೊಲ್ಲುತ್ತದೆ ಎಂದು ಬಿಡಿಸಿ ಹೇಳಬೇಕು. ಅಫೀಮಿನ ಬಳಗದ ವ್ಯಸನಕ್ಕೆ ಬ್ಯುಪ್ರೆನಾರ್ಫಿನ್‌ನಂಥ ಔಷಧವನ್ನು ಮುಂದುವರಿಸಬೇಕು; ಉಸಿರು ನಿಂತವರನ್ನು ಬದುಕಿಸಬಲ್ಲ ನಲಾಕ್ಸೋನ್ ಆಸ್ಪತ್ರೆಯ ಆಚೆಗೂ ಸಿಗುವಂತಾಗಬೇಕು. ಸ್ವಯಂ ಮುಂದೆ ಬಂದು ಚಿಕಿತ್ಸೆ ಪಡೆಯುವ ವ್ಯಸನಿಗೆ, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ, ಮೊಕದ್ದಮೆಯಿಂದ ರಕ್ಷಣೆ ನೀಡುವ 64ಎ ಕಲಂ 1985ರ ಮಾದಕ ವಸ್ತು ಕಾಯ್ದೆಯಲ್ಲೇ ಇದೆ; ಅದನ್ನು ಮನೆಮನೆಗೆ ತಿಳಿಸಬೇಕು. 14446 ಸಹಾಯವಾಣಿಯಲ್ಲಿ ವ್ಯಸನದ ಬಗ್ಗೆ, 14416 ಟೆಲಿ ಮಾನಸ್‌ನಲ್ಲಿ ಮನಸ್ಸಿನ ತೊಂದರೆಗಳ ಬಗ್ಗೆ ಉಚಿತವಾಗಿ ಸಲಹೆ ಸಿಗುತ್ತದೆ. ಇದೆಲ್ಲದರ ಜೊತೆಗೆ ಬೇಕಾದದ್ದು ಕೆಲಸ, ಗೆಳೆತನ, ಮನೆಯವರ ಒಡನಾಟ. ಇವನ್ನು ಚಿಕಿತ್ಸೆ ಮುಗಿದ ಮೇಲೆ ಕೊಡುವ ಬಹುಮಾನವೆಂದು ತಿಳಿಯದೆ, ಚಿಕಿತ್ಸೆಯ ಭಾಗವೆಂದೇ ಮೊದಲ ದಿನದಿಂದ ಒದಗಿಸಬೇಕು.