ಹದಿಹರೆಯದ ಮಕ್ಕಳ ಬೆಳವಣಿಗೆ: ತಂದೆತಾಯಿಗಳು ಅರಿತಿರಬೇಕಾದುದು

ಮಗಳು ಮೈನೆರೆದಳೆಂದರೆ ಅವಳು ದೊಡ್ಡವಳಾದಳೆಂದು ಹೇಳುವುದು ನಮ್ಮಲ್ಲಿ ವಾಡಿಕೆ. ಈ ಮಾತಿನಲ್ಲಿ ಅರ್ಧ ಸತ್ಯ ಮಾತ್ರವಿದೆ. ಗರ್ಭಕೋಶವು ತನ್ನ ಕೆಲಸವನ್ನು ಆರಂಭಿಸಿತೆಂಬುದು ನಿಜ. ದೇಹದ ಬೆಳವಣಿಗೆ ಮುಗಿಯಿತೆಂಬುದು ನಿಜವಲ್ಲ. ಈ ವ್ಯತ್ಯಾಸವನ್ನು ಅರಿಯದೆ ಶಾಲೆ ಬಿಡಿಸಿ ಮದುವೆಯ ಮಾತೆತ್ತುವ ಮನೆಗಳು ಇಂದಿಗೂ ಇರುವುದರಿಂದ, ದಂಪತಿಗಳಾದ ನೀವು ಈ ವಿಷಯವನ್ನು ಕೂಡಿ ಓದಬೇಕೆಂದು ಕೋರುತ್ತೇವೆ.

ಬಾಲ್ಯ ಕಳೆದು ಯೌವನ ತುಂಬುವವರೆಗಿನ, ಸುಮಾರು 10ರಿಂದ 19 ವರ್ಷಗಳ ಅವಧಿಯೇ ಹದಿಹರೆಯ. ಮೆದುಳಿನ ತಳದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯು ಹುಡುಗಿಯ ಅಂಡಾಶಯಗಳನ್ನೂ ಹುಡುಗನ ವೃಷಣಗಳನ್ನೂ ಈ ಕಾಲದಲ್ಲಿ ಎಚ್ಚರಿಸುತ್ತದೆ. ಅವುಗಳಿಂದ ಹೊರಡುವ ಹಾರ್ಮೋನುಗಳು ರಕ್ತದಲ್ಲಿ ಬೆರೆತು ಮೂಳೆ, ಚರ್ಮ, ಧ್ವನಿ, ಮನಸ್ಸು ಎಲ್ಲವನ್ನೂ ಮುಟ್ಟುತ್ತವೆ.

ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲು ಕಾಣುವ ಗುರುತು ಸ್ತನಗಳು ಮೂಡುವುದು. ಒಂದು ಕಡೆ ಮೊದಲು ಮೂಡಿ, ಇನ್ನೊಂದು ಕಡೆ ಕೆಲವು ತಿಂಗಳು ತಡವಾಗಬಹುದು. ಅದನ್ನು ಗಡ್ಡೆಯೆಂದು ಹೆದರಿ ಮಗಳನ್ನು ಕರೆತರುವ ತಾಯಂದಿರುಂಟು, ಹೆದರಬೇಕಾದುದಿಲ್ಲ. ಅದೇ ಕಾಲಕ್ಕೆ ಎತ್ತರವೂ ಭರದಿಂದ ಏರುತ್ತದೆ. ಸ್ತನ ಮೂಡಿದ ಸುಮಾರು ಎರಡು, ಎರಡೂವರೆ ವರ್ಷಗಳ ನಂತರ ಮೊದಲ ಋತುಸ್ರಾವವಾಗುತ್ತದೆ. ಆ ಬಳಿಕವೂ ಹುಡುಗಿಯು ಸಾಮಾನ್ಯವಾಗಿ 5ರಿಂದ 7 ಸೆಂಟಿಮೀಟರ್‌ಗಳಷ್ಟು ಬೆಳೆಯುತ್ತಾಳೆ.

ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ. ಹೆರಿಗೆಯ ದಾರಿಯನ್ನು ಸುತ್ತುವರಿದ ಸೊಂಟದ ಎಲುಬುಗಳು ಎತ್ತರದ ಜೊತೆಜೊತೆಗೇ ಬೆಳೆದು ಮುಗಿಯುವುದಿಲ್ಲ; ಮೈನೆರೆದ ಮೇಲೂ ಹಲವು ವರ್ಷ ಅಗಲವಾಗುತ್ತಲೇ ಇರುತ್ತವೆ. ಅದಕ್ಕೂ ಮೊದಲೇ ಗರ್ಭ ನಿಂತರೆ ಹೆರಿಗೆ ನಡುವೆ ತಡೆಯುವ, ರಕ್ತದೊತ್ತಡ ಏರುವ, ಕಡಿಮೆ ತೂಕದ ಮಗು ಹುಟ್ಟುವ ಅಪಾಯಗಳು ಹೆಚ್ಚು. ಮಳೆಗಾಲದ ರಾತ್ರಿ ಕಾಡಿನ ನಡುವಣ ಊರಿನಿಂದ ಅಂಥ ಬಸುರಿಯನ್ನು ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಒಯ್ಯುವುದೆಂದರೆ ಏನೆಂಬುದನ್ನು ಕುಂಬಾರವಾಡದ ಸುತ್ತಲಿನವರಿಗೆ ನಾವು ಹೇಳಬೇಕಾಗಿಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ ಪ್ರಕಾರ ವಧುವಿಗೆ 18, ವರನಿಗೆ 21 ವರ್ಷ ತುಂಬಿರತಕ್ಕದ್ದು. ಕರ್ನಾಟಕದಲ್ಲಿ 2016ರ ತಿದ್ದುಪಡಿಯ ಮೇರೆಗೆ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧು.

ಋತುಸ್ರಾವದ ವಿಷಯವನ್ನು ತಾಯಿಯು ಮಗಳಿಗೆ ಅದು ಬರುವ ಮೊದಲೇ ತಿಳಿಸಬೇಕು. ಏನೂ ತಿಳಿಯದ ಹುಡುಗಿ ರಕ್ತವನ್ನು ಕಂಡು ಗಾಯವೋ ರೋಗವೋ ಎಂದು ನಡುಗುತ್ತಾಳೆ. ಮೊದಲ ಒಂದೆರಡು ವರ್ಷ ಮುಟ್ಟು ಹಿಂದುಮುಂದಾಗುವುದು ಸಹಜ. ಮುಟ್ಟು ಮೈಲಿಗೆಯಲ್ಲ, ಮಗಳನ್ನು ಮನೆಯ ಹೊರಗೆ ಕೂರಿಸುವುದರಿಂದ ಅವಳಿಗೆ ಚಳಿ, ಹಾವು, ಹೆದರಿಕೆ ಇವಲ್ಲದೆ ಬೇರೇನೂ ದೊರೆಯದು. ಬಟ್ಟೆ ಬಳಸುವವರು ಅದನ್ನು ಸಾಬೂನಿನಿಂದ ಒಗೆದು ಬಿಸಿಲಿನಲ್ಲಿ ಒಣಗಿಸಬೇಕು. ಜೋಯಿಡಾ ಸೀಮೆಯ ಮಳೆಯಲ್ಲಿ ಬಿಸಿಲೆಲ್ಲಿ ಎಂದು ನೀವು ಕೇಳಬಹುದು. ಮರೆಯಲ್ಲಿ ಒದ್ದೆಯಾಗಿಯೇ ಮುಚ್ಚಿಡುವುದಕ್ಕಿಂತ ಬಚ್ಚಲ ಒಲೆಯ ಬಿಸಿಗೆ ಹರವಿ ಪೂರ್ತಿ ಒಣಗಿಸುವುದು ಲೇಸು. ಇಸ್ತ್ರಿ ಪೆಟ್ಟಿಗೆಯಿದ್ದರೆ ಇನ್ನೂ ಲೇಸು.

ಹುಡುಗರ ಬದಲಾವಣೆಗಳು ತುಸು ತಡವಾಗಿ ಬರುತ್ತವೆ. ಮೊದಲು ವೃಷಣಗಳು ದೊಡ್ಡವಾಗುತ್ತವೆ. ಎತ್ತರದ ಭರವು ಸುಮಾರು 14ನೆಯ ವಯಸ್ಸಿಗೆ ಬರುತ್ತದೆ. ಆದುದರಿಂದಲೇ ಆರನೆಯ, ಏಳನೆಯ ತರಗತಿಯಲ್ಲಿ ಹುಡುಗಿಯರು ಹುಡುಗರಿಗಿಂತ ಎತ್ತರವಾಗಿ ಕಾಣುವರು. ಧ್ವನಿ ಒಡೆಯುವುದು, ಮೀಸೆ ಚಿಗುರುವುದು, ಮೊಡವೆ ಏಳುವುದು ಎಲ್ಲರಿಗೂ ತಿಳಿದದ್ದೇ. ಅನೇಕ ಹುಡುಗರಿಗೆ ಮೊಲೆತೊಟ್ಟಿನಡಿ ಸ್ವಲ್ಪ ಉಬ್ಬು ಬಂದು, ಸಾಮಾನ್ಯವಾಗಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಇಳಿಯುತ್ತದೆ. ನಿದ್ರೆಯಲ್ಲಿ ವೀರ್ಯ ಹೊರಬರುವುದು ರೋಗವಲ್ಲ, ಅದರಿಂದ ಶಕ್ತಿ ಕುಂದುವುದೂ ಇಲ್ಲ. ಗೋಡೆ ಜಾಹೀರಾತುಗಳನ್ನು ನಂಬಿ ಹುಡುಗರು ಗುಟ್ಟಾಗಿ ಹಣ ಕಳೆಯುವುದಕ್ಕೆ ಮುಂಚೆ ತಂದೆಯು ಇದನ್ನು ನೇರವಾಗಿ ಹೇಳಿಬಿಡುವುದು ಒಳ್ಳೆಯದು.

ಈ ವಯಸ್ಸಿನ ಹಸಿವು ದೊಡ್ಡದು. ಜೋಯಿಡಾದ ಗೆಡ್ಡೆಗೆಣಸುಗಳು ಹೆಸರಾದವು. ಅವು ಶಕ್ತಿಯನ್ನು ಕೊಡುತ್ತವೆ. ಆದರೆ ಮೂಳೆಗೂ ರಕ್ತಕ್ಕೂ ಅವು ಸಾಲವು. ಹುರುಳಿ, ರಾಗಿ, ಸೊಪ್ಪು, ಮೊಟ್ಟೆ, ಮೀನುಗಳೂ ತಟ್ಟೆಯಲ್ಲಿರಲಿ, ಮಗನಿಗೆಷ್ಟೋ ಮಗಳಿಗೂ ಅಷ್ಟು. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ನಡೆವ ಮಕ್ಕಳಿಗೆ ಕೊಕ್ಕೆಹುಳು ತಗಲಿ ರಕ್ತ ಹೀರುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಕೊಡುವ ವಾರದ ಕಬ್ಬಿಣಾಂಶದ ಮಾತ್ರೆಯನ್ನೂ ಜಂತುಹುಳುವಿನ ಮಾತ್ರೆಯನ್ನೂ ಬೇಡವೆನ್ನಬಾರದು. ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿಪಡಬೇಕಿಲ್ಲ.

ಸಿಡುಕು, ಕನ್ನಡಿಯ ಮುಂದೆ ಹೊತ್ತು ಕಳೆಯುವುದು, ಗೆಳೆಯರ ಮಾತೇ ವೇದವೆನ್ನುವುದು ಈ ಕಾಲದ ಲಕ್ಷಣಗಳು. ಮುಂದಾಲೋಚನೆ ಮಾಡುವ ಮೆದುಳಿನ ಭಾಗವು ಪಕ್ವವಾಗಲು ಇಪ್ಪತ್ತು ವರ್ಷ ದಾಟಬೇಕು. ಗದರಿಸುವುದಕ್ಕಿಂತ ಕೇಳಿಸಿಕೊಳ್ಳುವುದರಿಂದ ಹೆಚ್ಚು ತಿಳಿಯುತ್ತದೆ.

ಹುಡುಗಿಗೆ 8 ವರ್ಷಕ್ಕೆ ಮೊದಲೇ, ಹುಡುಗನಿಗೆ 9 ವರ್ಷಕ್ಕೆ ಮೊದಲೇ ಈ ಬದಲಾವಣೆಗಳು ಕಂಡರೆ, 13 ವರ್ಷವಾದರೂ ಹುಡುಗಿಗೆ ಸ್ತನ ಮೂಡದಿದ್ದರೆ, 15 ವರ್ಷವಾದರೂ ಋತುಸ್ರಾವವಾಗದಿದ್ದರೆ, 14 ವರ್ಷವಾದರೂ ಹುಡುಗನಲ್ಲಿ ಯಾವ ಗುರುತೂ ಇಲ್ಲದಿದ್ದರೆ, ಅಥವಾ ಮುಟ್ಟಿನ ರಕ್ತವು ಏಳು ದಿನಗಳಿಗಿಂತ ಹೆಚ್ಚು ಹರಿದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಿರಿ. ಬರುವಾಗ ಜನ್ಮದಿನಾಂಕವುಳ್ಳ ಶಾಲೆಯ ದಾಖಲೆಯನ್ನು ತನ್ನಿರಿ. ವಯಸ್ಸು ಸರಿಯಾಗಿ ತಿಳಿಯದೆ ಬೆಳವಣಿಗೆಯನ್ನು ಅಳೆಯಲಾಗದು.