ಕದವಿಲ್ಲದ ಬಾಗಿಲು

ಹುಮನಾಬಾದಿನ ವೀರಭದ್ರೇಶ್ವರನ ದರ್ಶನ ಮುಗಿಸಿ ನಾವು ಬಸವಕಲ್ಯಾಣಕ್ಕೆ ಹೊರಟಿದ್ದೆವು. ಗುಡಿಯ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡ ಹಿರಿಯರೊಬ್ಬರನ್ನು ಅವರ ಮೊಮ್ಮಗಳು, "ಮುತ್ಯಾ, ದೇವರು ಒಳಗ ಇದ್ದಾನ, ಬಾಗಿಲಿಗ್ಯಾಕ ಶರಣು ಮಾಡ್ತಿ?" ಎಂದು ಕೇಳಿದ್ದಳು. ಹಿರಿಯರು ನಕ್ಕು ಸುಮ್ಮನಾದರು. ಕಲ್ಯಾಣದ ಕೋಟೆಯ ಬಾಗಿಲಲ್ಲಿ ನಿಂತಾಗಲೂ ಆ ಪ್ರಶ್ನೆ ನಮ್ಮ ಜೊತೆಯಲ್ಲೇ ಇತ್ತು.

ಕೋಟೆಯ ಬಾಗಿಲು ತಡೆಯುವುದಕ್ಕಾಗಿ ಹುಟ್ಟಿದ್ದು. ಆದರೆ ತಡೆಯದ ಬಾಗಿಲನ್ನೂ ನಮ್ಮ ದೇಶ ಕಂಡಿದೆ. ಬೌದ್ಧ ಚಿಂತನೆಯಲ್ಲಿ ಬಾಗಿಲೆಂದರೆ ಸತ್ಯದೆಡೆಗೆ ತೆರೆದ ದಾರಿ. ಲೋಕದ ದುಃಖ ಕಾಣದಂತೆ ಬೆಳೆಸಿದ ರಾಜಕುಮಾರ ಸಿದ್ಧಾರ್ಥನು ನಗರದ ನಾಲ್ಕು ಬಾಗಿಲುಗಳಿಂದ ಹೊರಟು, ಕ್ರಮವಾಗಿ ಮುದುಕನನ್ನು, ರೋಗಿಯನ್ನು, ಶವವನ್ನು, ಸನ್ಯಾಸಿಯನ್ನು ಕಂಡನೆಂದು ಬೌದ್ಧ ಕಥೆಗಳು ಹೇಳುತ್ತವೆ.

ಸಾಂಚಿಯ ಮಹಾಸ್ತೂಪಕ್ಕೆ ನಾಲ್ಕು ದಿಕ್ಕಿಗೂ ಕಲ್ಲಿನ ತೋರಣಗಳಿವೆ, ಅವು ಕ್ರಿ.ಪೂ. 1ನೆಯ ಶತಮಾನದ ಸುಮಾರಿನವು. ಎರಡು ಕಂಬ, ಮೂರು ಅಡ್ಡತೊಲೆ, ಕದವಿಲ್ಲ, ಅಗುಳಿಯಿಲ್ಲ. ಆದರೂ ನೇರವಾಗಿ ನುಗ್ಗಲಾಗದು. ಒಳಹೊಕ್ಕವನು ತಿರುಗಿ, ಸ್ತೂಪವನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆಗೆ ಸಾಗಬೇಕು. ಕೋಟೆಗಳಲ್ಲಿ ತಿರುವು ಇರುವುದು ಹಗೆಯ ವೇಗ ಮುರಿಯಲು; ಇಲ್ಲಿ ಅದು ಅವಸರದ ಮನಸ್ಸನ್ನು ನಿಧಾನಗೊಳಿಸುತ್ತದೆ. ದಕ್ಷಿಣ ತೋರಣದಲ್ಲಿ ಸಾತಕರ್ಣಿ ಅರಸನ ಶಿಲ್ಪಿಗಳ ಮುಖ್ಯಸ್ಥ ಆನಂದನ ಹೆಸರಿದೆ. ವಿದಿಶೆಯ ದಂತದ ಕೆಲಸಗಾರರ ಹೆಸರೂ ಇದೆ. ದುಡಿದವರ ಹೆಸರು ಬಾಗಿಲಲ್ಲೇ ಉಳಿಯಿತು. ನಮ್ಮ ಕಲಬುರಗಿ ಸೀಮೆಯಲ್ಲೂ, ಭೀಮಾತೀರದ ಸನ್ನತಿ ಬಳಿಯ ಕನಗನಹಳ್ಳಿಯಲ್ಲಿ, 1990ರ ದಶಕದ ಉತ್ಖನನದಲ್ಲಿ ಮಹಾಸ್ತೂಪವೊಂದು ಬೆಳಕಿಗೆ ಬಂದಿತು. ಅಶೋಕನ ಹೆಸರು ಬರೆದ ಶಿಲ್ಪ ದೊರೆತದ್ದು ಅಲ್ಲಿಯೇ.

ಬೌದ್ಧ ದರ್ಶನವು ಬಿಡುಗಡೆಗೂ ಮೂರು ದ್ವಾರಗಳನ್ನು ಹೇಳುತ್ತದೆ: ಶೂನ್ಯತಾ, ಅನಿಮಿತ್ತ, ಅಪ್ರಣಿಹಿತ. ಯಾವುದಕ್ಕೂ ತನ್ನದೇ ಸ್ಥಿರ ಸ್ವರೂಪವಿಲ್ಲವೆಂದು ಅರಿಯುವುದು ಮೊದಲನೆಯದು. ಹೊರ ಗುರುತುಗಳಿಗೆ ಅಂಟದಿರುವುದು ಎರಡನೆಯದು. ಬಯಕೆ ಬಿಡುವುದು ಮೂರನೆಯದು. ಹೊತ್ತು ತಂದ ಭಾರವನ್ನು ಇಳಿಸದೆ ಈ ಬಾಗಿಲುಗಳನ್ನು ದಾಟಲಾಗದು.

ಶರಣರ ಶೂನ್ಯವೂ ಬೌದ್ಧರ ಶೂನ್ಯತೆಯೂ ಒಂದೇ ಎಂದು ನಾವು ಹೇಳಹೊರಟಿಲ್ಲ. ಆದರೆ ಕಲ್ಯಾಣಕ್ಕೆ ಬಂದ ಅಕ್ಕಮಹಾದೇವಿಯನ್ನು ಅಲ್ಲಮಪ್ರಭುಗಳು ಅನುಭವ ಮಂಟಪದಲ್ಲಿ ಪ್ರಶ್ನಿಸಿದ ಪ್ರಸಂಗವನ್ನು ಶೂನ್ಯಸಂಪಾದನೆಯಲ್ಲಿ ಓದಿದವರು ಬಲ್ಲರು: ಅಲ್ಲಿ ಪರೀಕ್ಷೆಗೊಳಗಾದದ್ದು ಆಕೆಯ ಅನುಭಾವ, ಕುಲವಲ್ಲ.

ನಮ್ಮ ಮನೆಯ ಬಾಗಿಲ ಮಾತೇನು? ಹಬ್ಬಕ್ಕೆ ಮಾವಿನ ತೋರಣ ಕಟ್ಟುತ್ತೇವೆ. ಅದೇ ಬಾಗಿಲಾಚೆ ಕೆಲಸದ ಹೆಣ್ಣುಮಗಳನ್ನು ನಿಲ್ಲಿಸಿ, ಬೇರೆ ಲೋಟದಲ್ಲಿ ನೀರು ಕೊಟ್ಟ ನೆನಪು ನಮ್ಮ ಮನೆಗೂ ಇದೆ. ಒಳಗೆ ಬಸವಣ್ಣನವರ ಭಾವಚಿತ್ರಕ್ಕೆ ಹೂವೇರಿಸಿದ್ದೆವು. ಹೊಸ್ತಿಲಲ್ಲಿ ಅವರನ್ನು ಮರೆತಿದ್ದೆವು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಬೇಕು.

ಆ ಮಗುವಿಗೆ ನಮಗೆ ತೋಚಿದ ಉತ್ತರ ಇಷ್ಟೇ: ಒಳಗೆ ಬರಲು ಬಿಟ್ಟಿತೆಂಬ ಕೃತಜ್ಞತೆಗಾಗಿ ಬಾಗಿಲಿಗೆ ಶರಣು ಮಾಡುತ್ತೇವೆ. ಹಾಗೆ ಶರಣು ಮಾಡಿದ ಕೈ ಮನೆಗೆ ಮರಳಿದ ಮೇಲೆ ಇನ್ನೊಬ್ಬರಿಗೆ ಬಾಗಿಲು ತೆರೆಯಲಿ.